ಒಂದು ಭಾವಚಿತ್ರದ ವಿಚಾರ

ವೇಣೂರಿನ ಬಾಹುಬಲಿ ಸ್ವಾಮಿಗೆ 2024ರಲ್ಲಿ ಮಹಾಮಸ್ತಕಾಭಿಷೇಕ ನೆರವೇರಿದಾಗ, ಕಾರ್ಕಳ ಸೀಮೆಯ ಒಂದು ಶ್ರಾವಕ ಕುಟುಂಬದವರೆಲ್ಲರೂ ಹಿರಿಯರ ಮನೆಯಲ್ಲಿ ಕೂಡಿದ್ದರು. ಹನ್ನೆರಡು ವರ್ಷಗಳಿಗೊಮ್ಮೆ ಒದಗುವ ಯೋಗವದು. ಮನೆಯ ಯಜಮಾನರಿಗೆ 84 ತುಂಬಿತ್ತು. ಮುಂದಿನದನ್ನು ಕಾಣುವ ಭರವಸೆ ಅವರಿಗೇ ಇರಲಿಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲರು ಸ್ಥಾಪಿಸಿದ 35 ಅಡಿ ಎತ್ತರದ ಆ ಮೂರ್ತಿಯ ಮೇಲೆ ಎಳನೀರು, ಹಾಲು, ಅರಿಸಿನ, ಚಂದನಗಳು ಒಂದರ ಹಿಂದೊಂದಾಗಿ ಇಳಿದು ಬರುವುದನ್ನು ಮನೆಯ ಹದಿಮೂರು ಮಂದಿಯೂ ಒಟ್ಟಿಗೆ ನಿಂತು ನೋಡಿದರು. ಒಟ್ಟಿಗೆ ಎಂಬ ಮಾತನ್ನು ತುಸು ಸಡಿಲವಾಗಿ ಗ್ರಹಿಸಬೇಕು. ಇಬ್ಬರು ಗಂಡುಮಕ್ಕಳು ಸಾಲಿನ ಎರಡು ತುದಿಗಳಲ್ಲಿದ್ದರು. ಅಡಿಕೆ ತೋಟದ ಪಾಲಿನ ವಿಷಯದಲ್ಲಿ ಅವರ ನಡುವೆ ಮಾತು ನಿಂತು ನಾಲ್ಕು ವರ್ಷಗಳಾಗಿದ್ದವು.

ಮರುದಿನ ಬೆಳಿಗ್ಗೆ ಪೇಟೆಯ ಸ್ಟುಡಿಯೋದವನನ್ನು ಕರೆಸಿ ಅಂಗಳದಲ್ಲಿ ಎಲ್ಲರ ಫೋಟೋ ತೆಗೆಸಿದರು. ಮೂವತ್ತಕ್ಕೂ ಹೆಚ್ಚು ಸಲ ತೆಗೆದರೂ ಒಂದರಲ್ಲಿ ಮಗುವಿನ ಅಳು, ಇನ್ನೊಂದರಲ್ಲಿ ಸೊಸೆಯ ಮುಚ್ಚಿದ ಕಣ್ಣು. ಯಜಮಾನರಂತೂ ದಣಿದು ತಲೆ ತಗ್ಗಿಸಿಯೇ ಕುಳಿತಿದ್ದರು. ಒಂದೇ ಒಂದು ಚಿತ್ರದಲ್ಲಿ ಅವರು ಮುಖವೆತ್ತಿ, ಎದುರಿನಲ್ಲಿ ಪ್ರಿಯವಾದುದೇನನ್ನೋ ಕಂಡವರಂತೆ ನಕ್ಕಿದ್ದರು. ದುರ್ದೈವವೆಂದರೆ, ಇನ್ನೂ ಹತ್ತಿರ ನಿಲ್ಲಿರೆಂದು ಸ್ಟುಡಿಯೋದವನು ಹೇಳಿದಾಗ ಕಿರಿಯವನು ಅಣ್ಣನ ಹೆಗಲ ಮೇಲೆ ಕೈಯಿಟ್ಟದ್ದೂ, ಅಣ್ಣ ಅದನ್ನು ಸರಿಸಿದ್ದೂ ಅದೇ ಕ್ಷಣದಲ್ಲಿ. ಹಿರಿಯನ ಹುಬ್ಬು ಗಂಟಿಕ್ಕಿದೆ, ಸರಿಸುವ ಕೈ ಮಸುಕಾಗಿದೆ. ಕಿರಿಯನ ಮುಖದಲ್ಲಿ ನಾಲ್ಕು ಜನರ ಮುಂದೆ ಅವಮಾನ ನುಂಗಿದವನ ಪೆಚ್ಚುನಗೆ. ಇನ್ನೊಂದು ತೆಗೆಯೋಣವೆಂದು ಅವನು ಹೇಳುವಷ್ಟರಲ್ಲಿ ಯಜಮಾನರು ಕುರ್ಚಿಯಿಂದ ಎದ್ದುಬಿಟ್ಟಿದ್ದರು.

ಆಷಾಢದಲ್ಲಿ ಅವರು ತೀರಿಕೊಂಡರು.

ಚಾವಡಿಯಲ್ಲಿ ತೂಗುಹಾಕಲು ಭಾವಚಿತ್ರ ಬೇಕಾದಾಗ ಈ ಫೋಟೋದ ಪ್ರಶ್ನೆ ಎದ್ದಿತು. ಯಜಮಾನರ ಮುಖವನ್ನಷ್ಟೇ ಬಿಡಿಸಿ ದೊಡ್ಡದು ಮಾಡಿಸಿದ್ದರಿಂದ ಗೋಡೆಯ ಸಮಸ್ಯೆ ತೀರಿತು. ಅದರಲ್ಲಿ ದೋಷವಿರಲಿಲ್ಲ, ಒಬ್ಬರ ಚಿತ್ರ ಇತರರ ವಿಷಯದಲ್ಲಿ ಏನನ್ನೂ ಸಾಧಿಸಹೊರಡುವುದಿಲ್ಲ. ಆದರೆ ತಂದೆಯೊಡನೆ ಎಲ್ಲರೂ ಇರುವ ಚಿತ್ರವೊಂದು ಬೇಕೆಂದು ಮಗಳಿಗೆ ಆಸೆ. ಸ್ಟುಡಿಯೋದವನು ಉಪಾಯ ಸೂಚಿಸಿದ: ಬೇರೆ ಫೋಟೋದಿಂದ ಅಣ್ಣತಮ್ಮಂದಿರ ಮುಖಗಳನ್ನು ತಂದು ಕೂಡಿಸೋಣ, ಕೈಯನ್ನು ಹೆಗಲ ಮೇಲೆಯೇ ಉಳಿಸೋಣ, ಯಾರಿಗೂ ತಿಳಿಯದು. ಅಂಥ ಕೆಲಸ ಈಗ ಕೆಲವೇ ನಿಮಿಷಗಳದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಒಬ್ಬನು ಆಡದ ಮಾತನ್ನು ಆಡಿದನೆಂದೂ, ಮಾಡದ ಕಾರ್ಯವನ್ನು ಮಾಡಿದನೆಂದೂ ವಂಚನೆಗಾಗಿ ಬರೆದಿಡುವುದೇ ಅದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅಣ್ಣ ಸಹಿಸದ ಕೈಯನ್ನು ಅವನ ಹೆಗಲ ಮೇಲೆ ನಿಲ್ಲಿಸುವುದು ಅದಲ್ಲದೆ ಮತ್ತೇನು? ಯಾರನ್ನೂ ವಂಚಿಸುವ ಉದ್ದೇಶವಿಲ್ಲವೆಂದು ವಾದಿಸಬಹುದು, ನಿಜ. ಮೊಮ್ಮಕ್ಕಳ ಮಕ್ಕಳು ಆ ಚಿತ್ರ ನೋಡಿ ಏನು ತಿಳಿದಾರು ಎಂಬಲ್ಲಿ ಆ ವಾದ ಸೋಲುತ್ತದೆ.

ಹಾಗಾದರೆ ಇದ್ದುದನ್ನು ಇದ್ದಂತೆಯೇ ಚಾವಡಿಯಲ್ಲಿ ತೂಗುಹಾಕಬೇಕೆ? ಅದೇ ಐದರ ಪಟ್ಟಿಯಲ್ಲಿ ಸಾಕಾರಮಂತ್ರಭೇದವೂ ಇದೆ. ಅಂಗವಿಕಾರ, ಹುಬ್ಬಿನ ಚಲನೆ ಮೊದಲಾದವುಗಳಿಂದ ಮತ್ತೊಬ್ಬನ ಒಳಗಿನ ಭಾವವನ್ನು ಅರಿತು, ಅಸೂಯೆಯಿಂದ ಅದನ್ನು ಬಯಲುಮಾಡುವುದು. ಛಾಯಾಚಿತ್ರವೆಂಬುದನ್ನೇ ಕಾಣದ ಕಾಲದ ಆಚಾರ್ಯರು ಹುಬ್ಬಿನವರೆಗೂ ಯೋಚಿಸಿದ್ದು ವಿಸ್ಮಯವೇ ಸರಿ. ಬಂದ ನೆಂಟರೆಲ್ಲರೂ ಆ ಗಂಟಿಕ್ಕಿದ ಹುಬ್ಬನ್ನು ನೋಡಿ ಮನೆಯ ಜಗಳವನ್ನು ಓದುವಂತೆ ಮಾಡುವುದಕ್ಕೆ ಸತ್ಯನಿಷ್ಠೆ ಎಂದು ಹೆಸರಿಡಲಾಗದು.

ಇಷ್ಟರಲ್ಲಿ ಭಾದ್ರಪದ ಬಂತು. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಕಿರಿಯ ಮಗ ಮುಂಬಯಿಯಿಂದ ಬಂದಿದ್ದ. ಬಸದಿಯಿಂದ ಹಿಂತಿರುಗಿದ ಮೇಲೆ ಅಣ್ಣತಮ್ಮಂದಿರು ತೋಟದ ಕಡೆ ಹೋದರು. ಅಲ್ಲಿ ಏನು ಮಾತಾಡಿದರೋ ಯಾರೂ ಕೇಳಲಿಲ್ಲ. ಊಟಕ್ಕೆ ಬಂದಾಗ ಇಬ್ಬರೂ ಒಂದೇ ಸಾಲಿನಲ್ಲಿ ಕುಳಿತರು. ತಾಯಿ ಬಡಿಸುವ ಸೌಟನ್ನು ಒಂದು ಕ್ಷಣ ಹಾಗೆಯೇ ಹಿಡಿದು ನಿಂತಿದ್ದರಂತೆ.

ಊಟವಾದ ಮೇಲೆ ಕಿರಿಯವನೇ ಮಾತು ತೆಗೆದ. "ಅಮ್ಮ, ಆ ಫೋಟೋ ಎಲ್ಲರ ಫೋನಿನಿಂದಲೂ ಹೋಗಲಿ. ಕ್ಷಮಿಸಿದ್ದೇವೆ ಎಂದ ಮೇಲೆ ಅಣ್ಣನನ್ನು ಹಾಗೆ ಇಟ್ಟುಕೊಳ್ಳುವುದು ಯಾಕೆ?"

ಬೆಂಗಳೂರಿನಲ್ಲಿ ಕನ್ನಡ ಕಲಿಸುವ ಮಗಳು ಅಳಿಸುವುದಕ್ಕೂ ಒಪ್ಪಲಿಲ್ಲ, ತಿದ್ದುವ ಆಸೆಯನ್ನೂ ಬಿಡಲಿಲ್ಲ. ನಮ್ಮ ಮೂಡುಬಿದಿರೆಯ ರತ್ನಾಕರವರ್ಣಿಯೇ ತಿದ್ದಲಿಲ್ಲವೇ ಎಂದು ಅವಳ ಪ್ರಶ್ನೆ. ಮಾತು ಸುಳ್ಳಲ್ಲ. ಪಂಪನ ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಸೋತ ಭರತ ಸ್ವಂತ ತಮ್ಮನ ಮೇಲೆಯೇ ಚಕ್ರ ಬಿಡುತ್ತಾನೆ. 16ನೆಯ ಶತಮಾನದ ಭರತೇಶವೈಭವದಲ್ಲಿ ಆ ಯುದ್ಧವೇ ನಡೆಯುವುದಿಲ್ಲ. ಅಣ್ಣ ತಮ್ಮನನ್ನು ನುಡಿಯಿಂದಲೇ ಒಲಿಸಿಕೊಳ್ಳುತ್ತಾನೆ.

ತಾಯಿ ಹೆಚ್ಚು ಓದಿದವರಲ್ಲ. ಬಸದಿಯಲ್ಲಿ ಪುರಾಣ ಕೇಳಿ ಬಲ್ಲವರು. "ರತ್ನಾಕರ ಹಾಗೆ ಹಾಡಿದನೆಂದು ಪಂಪನ ಓಲೆಯನ್ನು ಯಾರಾದರೂ ಸುಟ್ಟರೇನು ಮಗಾ? ನಾವು ವೇಣೂರಿನಲ್ಲಿ ನೋಡಿ ಬಂದ ಸ್ವಾಮಿ ಯಾಕೆ ಅಲ್ಲಿ ನಿಂತಿದ್ದಾನೆ? ಅಣ್ಣ ಚಕ್ರ ಬಿಟ್ಟದ್ದಕ್ಕೆ. ಆ ಅಣ್ಣ ಚಕ್ರವರ್ತಿ. ಆದರೂ ಅದನ್ನು ಮುಚ್ಚಿಡಲಿಲ್ಲ, ಅವನನ್ನು ದೂರಲೂ ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಡಬೇಕೋ ಬೇಡವೋ ನಾನು ಹೇಳುವುದಲ್ಲ. ಅದರಲ್ಲಿ ಯಾರ ಕೈ ಉಂಟೋ ಅವರು ಹೇಳಲಿ" ಎಂದು ಒಳಗೆ ಹೋದರು.

ಹಿರಿಯ ಮಗ ಅದುವರೆಗೂ ಆ ಚಿತ್ರವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಈಗ ತಂಗಿಯ ಫೋನನ್ನು ಕೇಳಿ ಪಡೆದು, ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಲೋಚನೆ, ಪ್ರತಿಕ್ರಮಣ ಎಂಬ ಮಾತುಗಳನ್ನು ನಿತ್ಯ ಉಚ್ಚರಿಸುವುದು ಸುಲಭ. ಆದ ತಪ್ಪು ಕಣ್ಣೆದುರಿಗೆ ಹುಬ್ಬು ಗಂಟಿಕ್ಕಿ ನಿಂತಾಗ ದೃಷ್ಟಿ ತೆಗೆಯದಿರುವುದು ಬೇರೆ. ತಮ್ಮನ ಮುಖವನ್ನು ದೊಡ್ಡದು ಮಾಡಿ ತೋರಿಸು ಎಂದು ತಂಗಿಯನ್ನು ಕೇಳಿದ್ದು ಅವರು ಆಡಿದ ಒಂದೇ ಮಾತು.

ಮರುದಿನ ಅವರೇ ಪೇಟೆಗೆ ಹೋದರು. ಮುಖ ಬದಲಿಸಬೇಡವೇ ಎಂದು ಸ್ಟುಡಿಯೋದವನು ಮತ್ತೊಮ್ಮೆ ಕೇಳಿದ. ಬೇಡವೆಂದು ಹೇಳಿ ಎರಡು ಪ್ರತಿ ಮಾಡಿಸಿದರು. ಒಂದರ ಹಿಂಬದಿಯಲ್ಲಿ ದಿನಾಂಕವನ್ನೂ, ಕೈ ಸರಿಸಿದವನು ತಾನೆಂಬುದನ್ನೂ ಬರೆದು, ತಂದೆಯ ಸ್ವಾಧ್ಯಾಯದ ಪುಸ್ತಕಗಳಿದ್ದ ಪೆಟ್ಟಿಗೆಯಲ್ಲಿಟ್ಟರು. ಇನ್ನೊಂದರ ಹಿಂದೆ ಏನನ್ನೂ ಬರೆಯದೆ, ಮುಂಬಯಿಗೆ ಹೊರಟಿದ್ದ ತಮ್ಮನ ಕೈಗೆ ಕೊಟ್ಟರು.