ಮುಚ್ಚಿದ ನಾಳಕ್ಕೆ ಕಷಾಯ

ಆದೋನಿ, ಕೌತಾಳಂ, ಕೋಸಿಗಿ ಕಡೆ ಮದುವೆಯಾಗಿ ಎರಡು ವರ್ಷಕ್ಕೆ ಮಡಿಲು ತುಂಬದಿದ್ದರೆ ಸಲಹೆಗಳಿಗೆ ಬರವಿಲ್ಲ. ಉರುಕುಂದ ಈರಣ್ಣನಿಗೆ ಹರಕೆ, ಹೊಟ್ಟೆಗೆ ಹರಳೆಣ್ಣೆ ಪಟ್ಟು, ಬೇರಿನ ಕಷಾಯ. ಹರಕೆ ಮನಸ್ಸಿಗೆ ಧೈರ್ಯ ಕೊಡುತ್ತದೆ, ಬೇಡ ಎನ್ನಲಾರೆ. ಆದರೆ ಮುಚ್ಚಿದ ಗರ್ಭನಾಳವನ್ನು ಕಷಾಯ ತೆರೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಂಡವೂ ವೀರ್ಯಾಣುವೂ ಕೂಡುವುದು ಆ ಸಣ್ಣ ನಾಳದಲ್ಲೇ. ಹಳೆಯ ಸೋಂಕು ಅಲ್ಲಿ ಉಳಿಸಿಹೋದ ಗಾಯದ ಕಲೆ, ಹೊಟ್ಟೆಯ ಮೇಲೆ ಹಚ್ಚಿದ ಎಣ್ಣೆಗೆ ಕರಗುವುದಿಲ್ಲ.

ನಮ್ಮ ದೇಶದಲ್ಲಿ ನಾಳ ಮುಚ್ಚುವುದಕ್ಕೆ ಒಂದು ಮುಖ್ಯ ಕಾರಣ ಕ್ಷಯ. ಕೆಮ್ಮೇ ಇಲ್ಲದೆಯೂ ಅದು ಗರ್ಭನಾಳದಲ್ಲಿ ಅಡಗಿರಬಹುದು. ಅದರ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಷಾಯ ಕುಡಿಯುತ್ತ ವರ್ಷ ಕಳೆದರೆ ರೋಗವೂ ಬೆಳೆಯುತ್ತದೆ, ವಯಸ್ಸೂ ಜಾರುತ್ತದೆ. ನನ್ನ ಸಂಕಟ ಇದೇ.

ನಾಳ ಮುಚ್ಚಿದರೂ ದಾರಿ ಇದೆ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್‌ಳ ತಾಯಿಗೂ ನಾಳಗಳು ಮುಚ್ಚಿದ್ದವು. ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸುವ ಆ ವಿಧಾನ ಶುರುವಾದದ್ದೇ ಇಂಥ ತಾಯಂದಿರಿಗಾಗಿ. ಖರ್ಚು ದೊಡ್ಡದು, ನಿಜ. ಕೆಲವರಿಗೆ ಲ್ಯಾಪರೋಸ್ಕೋಪಿಯಿಂದಲೂ ದಾರಿಯಾಗುತ್ತದೆ.

ಅಕ್ಕಂದಿರೇ, ಮೊದಲು ಗಂಡನ ವೀರ್ಯ ಪರೀಕ್ಷೆಯಾಗಲಿ. ಜೊತೆಗೇ ನಿಮ್ಮ ನಾಳಕ್ಕೆ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ, ಎಚ್‌ಎಸ್‌ಜಿ. ನಾಳದ ತೊಂದರೆ ಇದ್ದವರಿಗೆ ಮುಟ್ಟು ತಪ್ಪಿ ಕಿಬ್ಬೊಟ್ಟೆ ಒಂದೇ ಕಡೆ ನೋಯತೊಡಗಿದರೆ ಗರ್ಭ ನಾಳದಲ್ಲೇ ನಿಂತಿರಬಹುದು, ಜೀವಕ್ಕೇ ಅಪಾಯ. ಆಗ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.