ವಿದ್ಯಾರ್ಥಿಗಳ ಕೈಗೆ ಲೆಕ್ಕದ ಪುಸ್ತಕವನ್ನೂ ಕೊಡೋಣ

ರಮಝಾನ್ ಬಂತೆಂದರೆ ಜಯನಗರ, ಬಿಟಿಎಂ ಲೇಔಟ್, ಬನಶಂಕರಿಯ ಮಸೀದಿಗಳಲ್ಲಿ ಇಫ್ತಾರಿನ ತಟ್ಟೆ ಜೋಡಿಸುವವರು, ಬಡವರ ಮನೆಗೆ ರೇಷನ್ ಕಿಟ್ ತಲುಪಿಸುವವರು ಹೆಚ್ಚಾಗಿ ಕಾಲೇಜು ವಿದ್ಯಾರ್ಥಿಗಳೇ. ಈದ್ ಮುಗಿದ ಮೇಲೆ ಅವರನ್ನು ಸಮಿತಿಯ ಸಭೆಗೆ ಕರೆಯುವವರು ವಿರಳ. "ಮೊದಲು ಓದು ಮುಗಿಯಲಿ, ಸೇವೆ ಆಮೇಲೆ" ಎಂಬ ಮಾತು ಮನೆಯಲ್ಲಿಯೂ ಕೇಳಿಬರುತ್ತದೆ. ಹಾಗಾದರೆ ನಾಳೆ ಸಮುದಾಯದ ಹೊಣೆ ಹೊರುವವರು ಎಲ್ಲಿಂದ ಬರಬೇಕು?

ಯಮನಿನ ವ್ಯಾಪಾರಿಯೊಬ್ಬನಿಂದ ಸರಕು ಪಡೆದು, ಮಕ್ಕಾದ ಪ್ರಬಲನೊಬ್ಬನು ಹಣ ಕೊಡದೆ ವಂಚಿಸಿದನು. ಆಗ ಅನ್ಯಾಯಕ್ಕೊಳಗಾದವರ ಪರ ನಿಲ್ಲುವೆವೆಂದು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ ಪ್ರತಿಜ್ಞೆ ಮಾಡಿದವರಲ್ಲಿ ಪ್ರವಾದಿ ಮುಹಮ್ಮದ್(ಸ)ರೂ ಇದ್ದರು. ಅದುವೇ ಹಿಲ್ಫುಲ್ ಫುಝೂಲ್. ಆಗ ಅವರಿಗೆ ಸುಮಾರು 20 ವರ್ಷ. ಪ್ರವಾದಿತ್ವ ದೊರೆತದ್ದು 40ನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲೇ ಮಕ್ಕಾದ ಜನರು ಅವರನ್ನು 'ಅಲ್ ಅಮೀನ್', ಅಂದರೆ ನಂಬಿಕಸ್ಥ, ಎಂದು ಕರೆಯುತ್ತಿದ್ದರು. ಆ ನಂಬಿಕೆ ಯೌವನದ ನಡವಳಿಕೆಯಿಂದಲೇ ಬಂದದ್ದು.

ನಮ್ಮ ದೇಶದಲ್ಲಿಯೂ ಇದಕ್ಕೆ ನಿದರ್ಶನವಿದೆ. ಬಡ ಸಹಪಾಠಿಗಳ ಶಿಕ್ಷಣಕ್ಕಾಗಿ ದೇಣಿಗೆ ಸಂಗ್ರಹಿಸಲು 1890ರಲ್ಲಿ ಅಲೀಗಢದ ಕಾಲೇಜಿನಲ್ಲಿ 'ಅಂಜುಮನ್ ಅಲ್ ಫರ್ಝ್' ಎಂಬ ಸಂಘ ಹುಟ್ಟಿತು. ಅದನ್ನು ಕಟ್ಟಿದ ವಿದ್ಯಾರ್ಥಿ ಸಾಹಿಬ್‌ಝಾದಾ ಆಫ್ತಾಬ್ ಅಹ್ಮದ್ ಖಾನ್. ಆ ಕಾಲೇಜು ಮುಂದೆ ವಿಶ್ವವಿದ್ಯಾಲಯವಾಯಿತು. 1924ರಲ್ಲಿ ಅವರೇ ಅದರ ಉಪಕುಲಪತಿಯಾದರು. ಅಲೀಗಢದಲ್ಲಿ ಅಂಧ ಮಕ್ಕಳಿಗೆ ಶಾಲೆ ತೆರೆದವರೂ ಅವರೇ.

ನಮ್ಮ ಬೆಂಗಳೂರಿನಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ 1966ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿದಾಗ ಮೂವತ್ತರ ಆಸುಪಾಸಿನ ವೈದ್ಯರಾಗಿದ್ದರು. ಸಂಸ್ಥೆಗೆ ಅವರಿಟ್ಟ ಹೆಸರು ಅಲ್ ಅಮೀನ್. ಲಾಲ್‌ಬಾಗ್ ಮುಖ್ಯದ್ವಾರದ ಬಳಿಯ ಅಲ್ ಅಮೀನ್ ಕಾಲೇಜನ್ನು ನೋಡದವರು ದಕ್ಷಿಣ ಬೆಂಗಳೂರಿನ ನಮ್ಮ ಕುಟುಂಬಗಳಲ್ಲಿ ಕಡಿಮೆ. 2021ರ ಮೇ 27ರಂದು ಅವರು ನಿಧನರಾದರು. ಅಲ್ಲಾಹನು ಅವರಿಗೆ ಮಗ್ಫಿರತ್ ದಯಪಾಲಿಸಲಿ.

ಪೊಟ್ಟಣ ಹೊರುವುದು ಸೇವೆ ಹೌದು. ಆದರೆ ಅಮಾನತ್ ಎಂದರೇನೆಂದು ಕಲಿಸುವುದು ಲೆಕ್ಕದ ಪುಸ್ತಕ. ಕಿಟ್ ಹಂಚುವ ವಿದ್ಯಾರ್ಥಿಗೆ ರಶೀದಿ ಬರೆಯುವ ಹೊಣೆಯನ್ನೂ ಕೊಡೋಣ. ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಯಾರ ಮನೆ ಬಿಟ್ಟುಹೋಯಿತು ಎಂದು ಅವನೇ ಜಮಾಅತಿನ ಮುಂದೆ ನಿಂತು ಹೇಳಲಿ. ಸಮಿತಿಯಲ್ಲಿ ಅವನಿಗೊಂದು ಸ್ಥಾನವಿರಲಿ. ಹುಡುಗಿಯರ ಸೇವೆಗೂ ಇದೇ ಗೌರವ ಸಲ್ಲಲಿ. ಓದಿನ ಜೊತೆಗೇ ಇದೂ ನಡೆಯಬಲ್ಲದು.

ನಮ್ಮ ಮಕ್ಕಳನ್ನು ಅಲ್ಲಾಹನು ಅಮಾನತ್ ಕಾಯುವವರನ್ನಾಗಿ ಮಾಡಲಿ, ಅದನ್ನು ಅವರಿಗೆ ಒಪ್ಪಿಸುವ ಮನಸ್ಸನ್ನು ಹಿರಿಯರಿಗೆ ಕೊಡಲಿ. ಆಮೀನ್.