ಹಿಂದೆ ಸರಿಯುವ ಆಟ

ಹಿರೇಕೆರೂರು ಸೀಮೆಯ ಪ್ರೌಢಶಾಲೆಯೊಂದಕ್ಕೆ ನಾನು ಸಮಾಜ ವಿಜ್ಞಾನದ ಶಿಕ್ಷಕನಾಗಿ ಸೇರಿದಾಗ ನಮ್ಮ ತಾಲ್ಲೂಕುಗಳು ಇನ್ನೂ ಅಖಂಡ ಧಾರವಾಡ ಜಿಲ್ಲೆಯಲ್ಲಿದ್ದವು. ಮಕ್ಕಳು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುತ್ತಿದ್ದರೇ ಹೊರತು, ತಮ್ಮ ನೆರೆಯ ಹೊಲಗಳಲ್ಲಿಯೇ ದೊಡ್ಡದೊಂದು ಸಮರ ನಡೆದಿತ್ತೆಂಬುದನ್ನು ಅರಿತಿರಲಿಲ್ಲ. ಅದಕ್ಕಾಗಿ ನಾನೊಂದು ಆಟವನ್ನು ಕಟ್ಟಿದೆ.

1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿಯು ಉತ್ತರಕ್ಕೆ ಕೈಚಾಚಿ ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನನನ್ನು ಮಣಿಸಿದನು. ಇದನ್ನು ಸಹಿಸದ ಪೇಶ್ವೆ ಮಾಧವರಾಯನು 1764ರಲ್ಲಿ ಭಾರಿ ಕುದುರೆದಂಡಿನೊಡನೆ ಬಂದನು. ಆ ಮೇ ತಿಂಗಳಲ್ಲಿ ರಟ್ಟಿಹಳ್ಳಿಯ ಬಳಿ ಹೈದರನ ಸೈನ್ಯವು ಪೆಟ್ಟು ತಿಂದಿತು. ಕಾದಾಡುತ್ತಲೇ ಹಿಂದೆ ಸರಿದ ಅವನು, ಕಾಡನ್ನು ಬೆನ್ನಿಗಿಟ್ಟುಕೊಂಡು ಆನವಟ್ಟಿಯ ಕಡೆ ನೆಲೆ ನಿಂತನು. ವರ್ಷಾಂತ್ಯಕ್ಕೆ ಅಲ್ಲಿಯೂ ಸೋತು ಬಿದನೂರಿನ ಅಡವಿಯನ್ನು ಹೊಕ್ಕನು.

ತರಗತಿಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಮನೆಗಳನ್ನು ಬರೆದೆ. ಮೇಲ್ಗಡೆ ಸವಣೂರು, ಶಿಗ್ಗಾಂವಿಯ ಬಯಲು, ಎಡಕ್ಕೆ ಹಾನಗಲ್ಲಿನ ಮಲೆನಾಡ ಸೆರಗು, ಕೆಳಗೆ ಕಾಡು. ಹುಣಸೆಬೀಜಗಳು ಪೇಶ್ವೆಯ ಕುದುರೆಗಳು. ಬಯಲಿನಲ್ಲಿ ಎರಡು ಮನೆ, ಕಾಡಿನಲ್ಲಿ ಒಂದೇ ಮನೆ ನಡೆಯಬೇಕು. ಗುಲಗಂಜಿಗಳು ಹೈದರನ ಕಾಲಾಳುಗಳು. ಎಲ್ಲೆಡೆಯೂ ಒಂದೇ ಮನೆ. ಹೆಚ್ಚು ಕಾಯಿ ಹೊಡೆದವರಿಗೆ ಗೆಲುವು ಎಂದು ಸಾರಿದೆ. ಪ್ರತಿಸಲವೂ ಪೇಶ್ವೆಯ ಪಕ್ಷವೇ ಗೆಲ್ಲುತ್ತಿತ್ತು. ಗುಲಗಂಜಿ ಹಿಡಿಯಲು ಯಾರಿಗೂ ಮನಸ್ಸಿರುತ್ತಿರಲಿಲ್ಲ.

ಒಂದು ದಿನ, ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ಕೇಳಿದಳು: “ಸರ, ಹೈದರ ಅಡವಿಯೊಳಗ ಹೋಗಿ ಉಳಕೊಂಡನಲ್ರೀ, ಮತ್ತ ನಾವು ಗೆದ್ದದ್ದು ಹೆಂಗ್ರೀ?”

ನಾನು ಉತ್ತರಿಸದಾದೆ. ಮರುದಿನ ನಿಯಮವನ್ನು ಬದಲಿಸಿದೆ: ಅರ್ಧಕ್ಕಿಂತ ಹೆಚ್ಚು ಗುಲಗಂಜಿ ಕಾಡು ಸೇರಿದರೆ ಗೆಲುವು ಹೈದರನದು. ಆಟದ ಮುಖವೇ ಮಾರ್ಪಟ್ಟಿತು. ಎಲ್ಲವೂ ಒಟ್ಟಿಗೆ ಓಡಿದರೆ ಕುದುರೆಗಳು ಬಯಲಿನಲ್ಲೇ ಅಟ್ಟಿ ಹೊಡೆಯುತ್ತಿದ್ದವು. ನಾಲ್ಕಾರು ಕಾಯಿಗಳು ನಿಂತು ದಾರಿ ತಡೆದರೆ ಮಾತ್ರ ಉಳಿದವು ಪಾರಾಗುತ್ತಿದ್ದವು. ಆ ನಾಲ್ಕಾರನ್ನು ಆರಿಸುವ ಸರದಿ ಬಂದಾಗ ಗದ್ದಲದ ತರಗತಿಯೂ ಮೌನವಾಗುತ್ತಿತ್ತು.

ಚರಿತ್ರೆಯೂ ಹಾಗೆಯೇ ಅಲ್ಲವೇ? 1765ರ ಒಪ್ಪಂದದಲ್ಲಿ ಹೈದರನು ಸವಣೂರು ಸೀಮೆಯನ್ನು ಬಿಟ್ಟುಕೊಟ್ಟು ಲಕ್ಷಗಟ್ಟಲೆ ರೂಪಾಯಿಯನ್ನೂ ತೆರಬೇಕಾಯಿತು. ಆದರೆ ಬಿದನೂರು ಅವನ ಕೈ ತಪ್ಪಲಿಲ್ಲ. 1772ರಲ್ಲಿ ಮಾಧವರಾಯನು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಹೈದರನು ಕಳೆದುಕೊಂಡ ಸೀಮೆಯನ್ನು ಮರಳಿ ಪಡೆದನು. ಸೋತವನು ಉಳಿದದ್ದರಿಂದಲೇ ಇದು ಸಾಧ್ಯವಾಯಿತು. ಅವನು ಉಳಿಯಲೆಂದು ಬಯಲಿನಲ್ಲಿ ನಿಂತವರ ಹೆಸರುಗಳು ಮಾತ್ರ ನಮ್ಮ ಪಠ್ಯಪುಸ್ತಕಗಳಲ್ಲಿಲ್ಲ.

ಮುಂದೆ ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಮಕ್ಕಳ ಪಾಲಕರು ಬಂದು ಕಣ್ಣೀರು ಹಾಕಿದಾಗಲೆಲ್ಲ ನಾನು ಈ ಆಟವನ್ನು ನೆನೆಯುತ್ತಿದ್ದೆ. ಒಂದು ಹೆಜ್ಜೆ ಹಿಂದಿಟ್ಟವನನ್ನು ದಡ್ಡನೆಂದು ಬದಿಗೆ ಸರಿಸಿದ ತಪ್ಪನ್ನು, ಸೇವೆಯ ಮೊದಲ ವರ್ಷಗಳಲ್ಲಿ ನಾನೂ ಮಾಡಿದ್ದೇನೆ. ಎಣಿಸುವ ಕ್ರಮವೇ ತಪ್ಪೆಂದು ನನಗೆ ಕಲಿಸಿದವಳು ಆ ಹುಡುಗಿ. ನಿವೃತ್ತಿಯ ದಿನ ಮೇಜಿನ ಖಾನೆಯನ್ನು ಬರಿದು ಮಾಡುವಾಗ ಮೂರು ಗುಲಗಂಜಿಗಳು ಸಿಕ್ಕವು. ಅವು ಇಂದಿಗೂ ನನ್ನ ಕನ್ನಡಕದ ಡಬ್ಬಿಯಲ್ಲಿವೆ.